ಸುಬ್ಬಿಯ ಎಂಟು ವಾರ

ಡಾಕ್ಟರು ಹೇಳಿದ್ದು ಎಂಟು ವಾರ. ನಮ್ಮ ಮನೆಯವರು ಅದನ್ನು ಎಂಟು ದಿನವೂ ನಂಬಲಿಲ್ಲ. ನಂಬದಿದ್ದರೆ ಹಾಳಾಗಿ ಹೋಗಲಿ, ನಂಬಿದವರ ಹಾಗೆ ತಲೆಯಾಡಿಸಿದರಲ್ಲ, ಅದಕ್ಕೇ ನನಗೆ ಈಗಲೂ ಮೈ ಉರಿಯುವುದು.

ಸುಬ್ಬಿ ನನ್ನ ನಾಯಿ. ಲ್ಯಾಬ್ರಡಾರ್ ಜಾತಿ ಅಂತ ಹೇಳಿ ನನ್ನಣ್ಣ ಲೋಹಿತ್ ನಾಗಮಂಗಲದ ಮನೆಗೆ ತಂದ ಮರಿ. ಬೆಳೆದ ಮೇಲೆ ನೋಡಿದರೆ ಅರ್ಧ ಮಾತ್ರ ಆ ಜಾತಿ, ಇನ್ನರ್ಧ ನಾಗಮಂಗಲದ ಬಸ್‌ಸ್ಟ್ಯಾಂಡಿನದು. ತೂಕ ಮಾತ್ರ ಪೂರ್ತಿ, ಮೂವತ್ತೊಂದು ಕೆ.ಜಿ. ಎರಡು ವರ್ಷದ ಹಿಂದೆ ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದಾಗ ಅವಳೂ ಬಂದಳು. ಮೊದಲ ದಿನ ಅತ್ತೆ ಜಯಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, ಸೊಸೆ ಒಳಕ್ಕೆ ಬರಲಿ, ಅದು ಆಚೆಗಿರಲಿ ಅಂದರು. ತಿಂಗಳೊಳಗೆ ಅದೇ ಅತ್ತೆ ಅವಳಿಗೆ ಮುದ್ದೆಗೆ ಮೊಸರು ಕಲಸಿ ಇಡತೊಡಗಿದ್ದರು. ಮೊಟ್ಟೆ ಮಾತ್ರ ಅಡುಗೆಮನೆಯ ಹೊಸಿಲು ದಾಟುವ ಹಾಗಿಲ್ಲ. ನಮ್ಮದು ಮರಗೆಲಸದ ಆಚಾರರ ಮನೆ, ಮೊಟ್ಟೆ ಮಾಂಸ ತಿನ್ನದವರು. ಅದನ್ನು ಮಾವ ಪಕ್ಕದ ಕೆಲಸದ ಶೆಡ್ಡಿನಲ್ಲಿ, ಹಿಂದೆ ಮರದ ಅಂಟು ಕಾಯಿಸುತ್ತಿದ್ದ ಸ್ಟೌವಿನ ಮೇಲೆ ಬೇಯಿಸಿ ಕೊಡುತ್ತಿದ್ದರು.

ಮಾವನ ಹೆಸರು ಕೃಷ್ಣಮೂರ್ತಿ, ಊರಿಗೆಲ್ಲ ಆಚಾರ್ರು. ನಲವತ್ತೈದು ವರ್ಷದಿಂದ ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿದ ಕೈ. ನನ್ನ ಗಂಡ ಹೇಮಂತ್ ಮರ ಬಿಟ್ಟು ಪ್ಲೈವುಡ್ ಹಿಡಿದವನು; ಶ್ರೀರಂಗಪಟ್ಟಣದ ಕಡೆ ಹೊಸ ಮನೆಗಳಿಗೆ ಅಡುಗೆಮನೆಯ ಕಪಾಟು ಕೂರಿಸುತ್ತಾನೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ನಾನು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತೇನೆ, ಒಂಬತ್ತೂವರೆಗೆ ಹೊರಟರೆ ಸ್ಕೂಟಿ ಮನೆ ಮುಂದೆ ನಿಲ್ಲುವುದು ಸಂಜೆ ಐದೂವರೆಗೆ. ಅಂದರೆ ಹಗಲೆಲ್ಲ ಸುಬ್ಬಿ ಇರುವುದು ಅತ್ತೆ ಮಾವನ ಕೈಯಲ್ಲಿ. ಇಷ್ಟು ಹೇಳಿದರೆ ನನ್ನ ಕಷ್ಟ ಅರ್ಧ ಅರ್ಥವಾದೀತು.

ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರೊಂದು ನಮ್ಮ ಬೀದಿಯಲ್ಲಿ ಹೋಯಿತು. ಹಿಂದೆ ಜೋತಾಡುತ್ತಿದ್ದ ಜಲ್ಲೆಯನ್ನು ಎಳೆಯಲು ಸುಬ್ಬಿ ನೆಗೆದಳು, ಇಳಿಯುವಾಗ ಹಿಂದಿನ ಎಡಗಾಲು ಗುಂಡಿಗೆ ಬಿತ್ತು. ಕಿರುಚಲಿಲ್ಲ, ಜಲ್ಲೆಯನ್ನೂ ಬಿಡಲಿಲ್ಲ. ಮೂರು ಕಾಲಲ್ಲಿ ಕುಂಟುತ್ತ ಬಂದು ಜಗಲಿಯ ಮೇಲೆ ಕೂತು ಅದನ್ನು ಪೂರ್ತಿ ಸಿಗಿದು ತಿಂದಳು. ಇಂಥ ನಾಯಿಗಾಗಿ ನಾನು ಅಳಬೇಕಿತ್ತೇ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮೈಸೂರಿನ ಪಶುವೈದ್ಯರು ಮಂಡಿಯೊಳಗಿನ ಲಿಗಮೆಂಟ್ ಹರಿದಿದೆ ಅಂದರು. ಮೂಳೆಯನ್ನು ಕೊಯ್ದು, ಸ್ವಲ್ಪ ತಿರುಗಿಸಿ, ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು. ಹೇಮಂತ್ ಹೊಸ ಮಿಷಿನ್ನಿಗೆ ಅಂತ ಇಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ಅದನ್ನು ಅವನು ಒಂದು ಸಲವೂ ಎತ್ತಿ ಆಡಲಿಲ್ಲ, ಅದು ಅವನ ದೊಡ್ಡತನ. ಆಪರೇಷನ್ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಹೀಗೆ: "ನನ್ನ ಕೆಲಸ ಎರಡು ಗಂಟೆಯದು. ನಿಮ್ಮದು ಎಂಟು ವಾರ. ಮೂಳೆ ಕೂಡೋ ತನಕ ಅವಳು ನೆಗೀಬಾರದು, ಓಡಬಾರದು, ಜಾರಬಾರದು. ಒಂದು ಸಲ ಕೆಟ್ಟರೆ ಈ ಕಾಲು ಮತ್ತೆ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಇದು ಹೋದರೆ ಭಾರವೆಲ್ಲ ಇನ್ನೊಂದು ಕಾಲಿಗೆ ಬೀಳುತ್ತೆ, ಅದೂ ಹೋಗುತ್ತೆ. ಎದ್ದು ನಿಲ್ಲೋಕಾಗದ ಇಷ್ಟು ಭಾರದ ನಾಯಿನ ಏನು ಮಾಡ್ತಾರೆ ಅಂತ ನಿಮಗೆ ಗೊತ್ತು."

ನನಗೆ ಗೊತ್ತಿತ್ತು. ಮನೆಗೆ ಬಂದವಳೇ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಎಲ್ಲವನ್ನೂ ಟೈಪು ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಸದಾ ಗೂಡಿನಲ್ಲೇ ಇರಬೇಕು. ಬೆಲ್ಟ್ ಹಾಕಿ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಹೊರಗೆ. ಮೆಟ್ಟಿಲು ಇಳಿಸುವಾಗ ಹೊಟ್ಟೆಯ ಕೆಳಗೆ ಟವೆಲು ಕೊಟ್ಟು ಎತ್ತಬೇಕು. ತೂಕ ಏರಬಾರದು. ಎಲ್ಲರೂ ಓದಿದರು, ಎಲ್ಲರೂ ಆಯ್ತು ಅಂದರು.

ಮಾವ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದರು. ಆರು ಸ್ಕ್ರೂ. ಅವುಗಳನ್ನು ಬೆರಳಿನಿಂದ ಎಣಿಸಿ, ಒಂದರ ಕೆಳಗೊಂದು ಇಷ್ಟು ಸಮೀಪ ಹೊಡೆದರೆ ಸೀಳು ಬಿಡುತ್ತೆ, ಡಾಕ್ಟರು ಸ್ವಲ್ಪ ಅತ್ತಿತ್ತ ಹಾಕಬೇಕಿತ್ತು ಅಂತ ಹೇಳಿದರು. ಮಾವ, ಅದು ಮರ ಅಲ್ಲ ಅಂದೆ. ಜೋಡಣೆ ಯಾವುದಾದರೇನು, ಸರಿಯಾಗಿ ಕೂರಿಸಿದ್ದರೆ ಮಾರನೇ ದಿನವೇ ಭಾರ ಹೊರಬೇಕು, ಎಂಟು ವಾರ ಅಂದರೆ ಕೂರಿಸಿದವನಿಗೇ ನಂಬಿಕೆ ಇಲ್ಲ ಅಂತ ಅರ್ಥ ಅಂದರು. ಅಲ್ಲಿಂದಲೇ ನನಗೆ ಭಯ ಶುರುವಾಯಿತು.

ಗೂಡನ್ನು ಮಾತ್ರ ಎರಡು ದಿನದಲ್ಲಿ ಮಾಡಿಕೊಟ್ಟರು. ಜಗಲಿಯ ಮೂಲೆಗೆ ಸರಿಯಾಗಿ ಕೂರುವಂಥದ್ದು, ಅಡ್ಡಪಟ್ಟಿಗಳೆಲ್ಲ ಒಂದೇ ಅಂತರ, ಮುಟ್ಟಿದರೆ ಎಲ್ಲೂ ಸಿಬಿರಿಲ್ಲ. ಬೀದಿಯವರೆಲ್ಲ ಬಂದು ನೋಡಿ ಹೋದರು. ಪಕ್ಕದ ಮನೆಯ ಮಂಗಳಮ್ಮ, ಇದರಲ್ಲಿ ನಮ್ಮ ಮೊಮ್ಮಗುವನ್ನೂ ಮಲಗಿಸಬಹುದು ಅಂದರು. ಹಾಗೆಯೇ, ನಾಟಿ ಕಟ್ಟು ಕಟ್ಟಿಸಿದ್ದರೆ ಹದಿನೈದು ದಿನಕ್ಕೆ ಓಡುತ್ತಿತ್ತು ಅಂತಲೂ ಸೇರಿಸಿದರು.

ಮೊದಲ ವಾರ ನಾನು ರಜೆ ಹಾಕಿದ್ದೆ, ಎಲ್ಲ ಸರಿಯಾಗಿತ್ತು. ಎರಡನೇ ವಾರ ಕೆಲಸಕ್ಕೆ ಹೋಗಿ ಬಂದರೆ ಗೂಡಿನ ಕದದ ಚಿಲಕ ನಾನು ಹಾಕಿದ ಹಾಗಿರುತ್ತಿರಲಿಲ್ಲ. ಅತ್ತೆಯನ್ನು ಕೇಳಿದೆ.

"ಇವತ್ತೂ ಬಿಟ್ಟಿದ್ರಾ ಅತ್ತೆ?"

"ಎಲ್ ಬುಟ್ಟೆ? ಒಂದ್ ಗಳಿಗೆ ಕಾಲಾಡಿಸ್ಕೊಳ್ಲಿ ಅಂತ ಕದ ತೆಗ್ದೆ, ಅಷ್ಟೇಯ."

"ಕಾಲಾಡಿಸಬಾರದು ಅಂತಲೇ ಅಲ್ವಾ ಕೂಡಿಹಾಕಿರೋದು?"

"ಅಂಗೇ ನನ್ನೇ ನೋಡ್ಕೊಂಡು ಕುಂತಿರ್ತಳೆ ಕಣವ್ವ. ನಾನು ಅಕ್ಕಿ ಆರಿಸ್ತಾ ಇದ್ರೆ ಆ ಸಂದೀಲಿ ಮೂತಿ ಇಟ್ಕೊಂಡು. ನಂಗ್ ನೋಡಾಕಾಗಾಕಿಲ್ಲ."

ಬೈದರೆ ನಾನು ಕಲ್ಲುಮನಸ್ಸಿನವಳು. ಅತ್ತೆಗೆ ಕರುಣೆ, ನನಗೆ ಚಿಲಕ. ಬೀಗ ಹಾಕಿಕೊಂಡು ಹೋಗುತ್ತೇನೆ ಅಂದೆ. ಹಾಗಾದರೆ ಮಧ್ಯಾಹ್ನ ಉಚ್ಚೆ ಹೊಯ್ಯಿಸಲು ನೀನೇ ಅಂಗಡಿಯಿಂದ ಬಾ ಅಂದರು. ಅದೂ ನಿಜವೇ.

ಊಟದ್ದು ಇನ್ನೊಂದು ರಗಳೆ. ನಾನು ಅಳೆದು ಇಟ್ಟು ಹೋಗುತ್ತಿದ್ದೆ: ಬೆಳಿಗ್ಗೆ ಇಷ್ಟು ಅನ್ನ, ಒಂದು ಮೊಟ್ಟೆ, ಬೇಯಿಸಿದ ಕುಂಬಳ. ನಾಲ್ಕನೇ ವಾರ ಹೊಲಿಗೆಯ ಗಾಯ ತೋರಿಸಲು ಹೋದಾಗ ತೂಕ ಹಾಕಿದರೆ ಮೂವತ್ತಮೂರೂವರೆ. ಡಾಕ್ಟರು ನನ್ನ ಕಡೆ ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಮೊದಲೇ ಕೇಳಿದೆ, ಯಾರ್ಯಾರು ಏನೇನು ಹಾಕುತ್ತಿದ್ದೀರಿ ಅಂತ. ಅತ್ತೆ ಬರೀ ಎರಡು ಚಮಚ ತುಪ್ಪ ಅಂದರು. ಮಾವ ಮೊಟ್ಟೆ ಒಂದು ಬೇಯಿಸಲು ಸ್ಟೌ ಹೊತ್ತಿಸುವುದು ದಂಡ ಅಂತ ಮೂರು ಬೇಯಿಸುತ್ತಿದ್ದರಂತೆ. ಹೇಮಂತ್ ಬೇಕರಿಯಿಂದ ದಿನಾ ಸಂಜೆ ಬನ್ನು ತರುತ್ತಿದ್ದ, ಅದನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಬರುವಾಗಲೇ ಗೂಡಿಗೆ ಹಾಕಿ ಬರುತ್ತಿದ್ದ. ಇದು ನನಗೆ ಆವತ್ತೇ ಗೊತ್ತಾದದ್ದು.

"ನೀವೆಲ್ಲ ಸೇರ್ಕೊಂಡು ಆ ಕಾಲು ತೆಗೀತೀರ," ಅಂದೆ.

"ತಿನ್ನೋದ್ರಿಂದ ಕಾಲ್ ಓಯ್ತದಾ?" ಅಂದರು ಅತ್ತೆ.

"ಓಗ್ಲಿ ಬುಡು, ಅವ್ಳ್ ಮಾತೂ ಸರಿಯೇ," ಅಂದರು ಮಾವ.

ಹೇಮಂತ್ ಇಬ್ಬರದ್ದೂ ಸರಿ ಅಂದ. ನನಗೆ ಎಲ್ಲರಿಗಿಂತ ಸಿಟ್ಟು ಬಂದದ್ದು ಅವನ ಮೇಲೆ. ಮುದ್ದೆಯನ್ನು ಹಾಗೇ ಬಿಟ್ಟು ಎದ್ದೆ. ಬೆಳಿಗ್ಗೆ ನೋಡಿದರೆ ಸುಬ್ಬಿಯ ತಟ್ಟೆಯಲ್ಲಿ ಮುದ್ದೆಯ ಗುರುತಿತ್ತು, ನನ್ನ ಪಾಲು ಎಲ್ಲಿಗೆ ಹೋಯಿತು ಅಂತ ಯಾರನ್ನೂ ಕೇಳಲಿಲ್ಲ.

ಆದರೂ ಅವಳು ಗುಣವಾಗುತ್ತಿದ್ದಳು, ಅದನ್ನು ಹೇಳಬೇಕು. ನಾಲ್ಕನೇ ವಾರದ ಕೊನೆಗೆ ಎಡಗಾಲಿನ ಬೆರಳು ನೆಲಕ್ಕೆ ತಾಗಿಸತೊಡಗಿದಳು. ಐದನೇ ವಾರ ಪಾದ ಊರಿದಳು. ಐದು ನಿಮಿಷದ ಓಡಾಟದಲ್ಲಿ ಹತ್ತು ಹೆಜ್ಜೆಗೆ ಏಳು ಹೆಜ್ಜೆ ಊರುತ್ತಿದ್ದಳು, ನಾನು ಎಣಿಸುತ್ತಿದ್ದೆ. ಇನ್ನು ಮೂರು ವಾರ, ಮೂರೇ ವಾರ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ಆಗ ಮಾವ ಇಳಿಜಾರು ಹಲಗೆ ಮಾಡಲು ಹೊರಟರು. ಜಗಲಿಗೂ ಅಂಗಳಕ್ಕೂ ನಡುವೆ ಮೂರು ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಟವೆಲಿನಲ್ಲಿ ಅವಳನ್ನು ಎತ್ತಿ ಇಳಿಸಿ ಅವರ ಸೊಂಟ ಹಿಡಿದಿತ್ತು. ಹಲಗೆ ಒಳ್ಳೆಯ ಯೋಚನೆಯೇ, ನಾನೇ ಮೆಚ್ಚಿದೆ. ಯಾವುದೋ ಹಳೆಯ ಮನೆಯ ತೇಗದ ಬಾಗಿಲು ಕಳಚಿ ತಂದು ಮೂರು ದಿನ ಕೂತು ಮಾಡಿದರು. ತಿಮ್ಮರಾಜು ಅನ್ನುವವರ ಕಿಟಕಿ ಕೆಲಸ ಅರ್ಧಕ್ಕೆ ನಿಂತಿತ್ತು, ಅವರು ಬಂದು ಕೇಳಿದರೆ ನಾಯಿ ಕೆಲಸ ಮುಗಿಯಲಿ ಅಂದರಂತೆ. ಬುಧವಾರ ಸಂಜೆ ಬಂದು ನೋಡಿದಾಗ ಹಲಗೆ ಕೂತಿತ್ತು, ಗರಗಸದ ಗುರುತೆಲ್ಲ ಹಾಗೇ ಇತ್ತು. ಇದೇ ಸರಿ ಮಾವ, ಮೇಲೆ ಒಂದು ಗೋಣಿಚೀಲ ಹೊಡೆದುಬಿಡಿ ಅಂದೆ.

"ತೇಗದ್ ಮೇಲೆ ಗೋಣಿನಾ? ನೋಡ್ದೋರು ನನ್ನ ಏನಂದಾರು?" ಅಂದರು.

ನೋಡುವವರು ಯಾರು, ಸುಬ್ಬಿ ತಾನೇ ಅಂದೆ. ಆಯ್ತು ಅಂದರು. ನಮ್ಮ ಮನೆಯಲ್ಲಿ ಆಯ್ತು ಅಂದರೆ ಏನು ಅಂತ ನನಗೆ ಆ ಹೊತ್ತಿಗೆ ತಿಳಿದಿರಬೇಕಿತ್ತು.

ಗುರುವಾರ ಐದೂವರೆಗೆ ನಾನು ಬಂದು ಸ್ಕೂಟಿ ನಿಲ್ಲಿಸಿದಾಗ ಸುಬ್ಬಿ ಅಂಗಳದಲ್ಲಿ ಹಲಗೆಯ ಬುಡದಲ್ಲಿ ಕೂತು ಬಾಲ ಬಡಿಯುತ್ತಿದ್ದಳು. ಮಾವ ಪಕ್ಕದಲ್ಲಿ ಅವಳ ಕುತ್ತಿಗೆ ಹಿಡಿದು ಕೂತಿದ್ದರು. ಹಲಗೆ ಫಳಫಳ ಹೊಳೆಯುತ್ತಿತ್ತು. ಕೀಸುಳಿ ಹಾಕಿ ಹೆರೆದು, ಮರಳು ಕಾಗದ ಉಜ್ಜಿ, ಅರಗಿನ ಪಾಲಿಶ್ ಮೂರು ಕೈ ಕೊಟ್ಟಿದ್ದರು. ನುಣುಪು ಮಾಡದೆ ಮರವನ್ನು ಕೈಯಿಂದ ಬಿಡುವುದು ಅವರಿಗೆ ಜನ್ಮದಲ್ಲಿ ಬಂದದ್ದಲ್ಲ. ಇವಳನ್ನು ಯಾಕೆ ಹೊರಗೆ ಬಿಟ್ಟಿರಿ ಅಂತ ಕೇಳಿದೆ. ಈಗ ತಾನೇ ಇಳಿಸಿದೆ ಅಂದರು. ಅತ್ತೆ ಜಗಲಿಯಲ್ಲಿ ನಿಂತಿದ್ದವರು ಒಳಗೆ ಹೋದರು. ನಾನು ಹಲಗೆಯ ಮೇಲೆ ಕೈಯಾಡಿಸಿ, ಇದರ ಮೇಲೆ ಇರುವೆಯೂ ನಿಲ್ಲಲ್ಲ, ಗೋಣಿ ಹೊಡೆಯಿರಿ ಅಂದೆ. ಅವರು ಎದ್ದು ಆಗಲೇ ಗೋಣಿ ತಂದು, ಮೊಳೆ ಹೊಡೆದರು. ಒಂದು ಮಾತು ಎದುರಾಡಲಿಲ್ಲ. ಕೊನೆಗೂ ನನ್ನ ಮಾತಿಗೆ ಬೆಲೆ ಬಂತು ಅಂತ ನಾನು ಬೀಗಿದೆ.

ಶುಕ್ರವಾರ ಸುಬ್ಬಿ ಕಾಲು ಊರಲಿಲ್ಲ. ಸುಸ್ತಿರಬೇಕು ಅಂದುಕೊಂಡೆ. ಶನಿವಾರವೂ ಊರಲಿಲ್ಲ, ಮಂಡಿ ಮುಟ್ಟಿದರೆ ಬಿಸಿ. ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮೊದಲ ದಿನದ ಹಾಗೆ ನಿಂತಳು. ಭಾನುವಾರ ತಿಂಡಿಯ ಹೊತ್ತಿಗೆ ಎಲ್ಲರೂ ಇದ್ದಾಗ ಏನಾಯಿತು ಅಂತ ಕೇಳಿದೆ. ಅತ್ತೆ ಉಪ್ಪಿಟ್ಟು ಬಡಿಸಿದವರಿಗೇ ಮತ್ತೆ ಬಡಿಸುತ್ತಿದ್ದರು.

"ನಾನೇ ಕಣವ್ವ," ಅಂದರು ಮಾವ. "ಗುರುವಾರ ಇಳಿಸ್ತಿದ್ದೆ, ಬೆಲ್ಟ್ ಕೈ ಬುಟ್ಬುಡ್ತು. ಜಾರ್ಬುಟ್ಲು."

"ಗುರುವಾರ ಬಿದ್ದಿದ್ದನ್ನ ಭಾನುವಾರ ಹೇಳ್ತಿದ್ದೀರಾ?"

"ಸರಿ ಓಯ್ತದೆ ಅಂದ್ಕೊಂಡೆ."

ಆಮೇಲೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಈ ಕಥೆಯನ್ನೇ ಹೇಳುತ್ತಿರಲಿಲ್ಲ. ಐದು ವಾರದ ಉರಿಯೆಲ್ಲ ಒಟ್ಟಿಗೇ ಬಂತು. "ನಿಮ್ಮ ಕೆಲಸ ಹೊಳೀಲಿ ಅಂತ ನನ್ನ ನಾಯಿ ಕಾಲು ಮುರಿದ್ರಿ ಮಾವ. ನಲವತ್ತೈದು ವರ್ಷ ಮಾಡಿದ್ದು ಸಾಕು, ಇನ್ನು ಈ ಮನೇಲಿ ಏನೂ ಮಾಡಬೇಡಿ," ಅಂದೆ. ಹೇಮಂತ್ ಏಯ್ ಅಂದ. ಅಷ್ಟೊತ್ತಿಗೆ ಮಾತು ಆಚೆ ಬಂದಾಗಿತ್ತು. ಮಾವ ಕೈ ತೊಳೆದು ಶೆಡ್ಡಿಗೆ ಹೋದರು.

ಸೋಮವಾರ ಹೇಮಂತ್ ಕೆಲಸ ಬಿಟ್ಟು, ಬಾಡಿಗೆ ಓಮ್ನಿಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದ. ಎಕ್ಸ್‌ರೇಯಲ್ಲಿ ಮೇಲಿನ ಸ್ಕ್ರೂ ಸಡಿಲವಾಗಿ ಒಂದಿಷ್ಟು ಹೊರಗೆ ಬಂದಿತ್ತು, ಮೂಳೆ ಕೂದಲೆಳೆಯಷ್ಟು ಸರಿದಿತ್ತು. ಪುಣ್ಯಕ್ಕೆ ಪಟ್ಟಿ ಬಿಟ್ಟಿರಲಿಲ್ಲ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಈಗ ತೆರೆಯುವುದು ಬೇಡ, ಮತ್ತೆ ಮೊದಲ ದಿನದಿಂದ ಎಂಟು ವಾರ ನೋಡೋಣ, ಇನ್ನೊಂದು ಸಲ ಜಾರಿದರೆ ಮಾತ್ರ ನನ್ನ ಹತ್ತಿರ ಬರಬೇಡಿ ಅಂದರು. ದಾರಿಯುದ್ದಕ್ಕೂ ಸುಬ್ಬಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಶ್ರೀರಂಗಪಟ್ಟಣ ದಾಟುವವರೆಗೂ ಅಳುತ್ತಲೇ ಇದ್ದೆ. ಹೇಮಂತ್ ಒಂದು ಸಲ, ಅಪ್ಪನಿಗೆ ಹಾಗನ್ನಬಾರದಿತ್ತು ಅಂದ.

ಆಮೇಲೆ ಮೂರು ದಿನ ಮಾವ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಅತ್ತೆ ತಟ್ಟೆ ಶೆಡ್ಡಿಗೆ ಕೊಡುತ್ತಿದ್ದರು, ಅದು ಅರ್ಧ ಉಳಿದು ಬರುತ್ತಿತ್ತು. ಶೆಡ್ಡಿನಿಂದ ಗರಗಸದ ಸದ್ದೇ ಇಲ್ಲ. ತಿಮ್ಮರಾಜು ಬಂದು ಕಿಟಕಿ ಕೇಳಿದಾಗ ಬೇರೆ ಯಾರಿಗಾದರೂ ಕೊಡಪ್ಪ ಅಂದರಂತೆ. ಸುಬ್ಬಿಗೆ ಮೊಟ್ಟೆ ಮಾತ್ರ ಸರಿಯಾಗಿ ಒಂದೇ ಬೆಂದು ಬರುತ್ತಿತ್ತು. ಗೂಡಿನ ಚಿಲಕವೂ ನಾನು ಹಾಕಿದ ಹಾಗೆಯೇ ಇರುತ್ತಿತ್ತು. ಎಲ್ಲರೂ ನಾನು ಹೇಳಿದ ಹಾಗೆ ನಡೆಯುತ್ತಿದ್ದರು, ಮನೆ ಮಾತ್ರ ಸಾವಾದ ಮನೆಯ ಹಾಗಿತ್ತು. ತಪ್ಪು ಅವರದು, ಮುಖ ಊದಿಸಿಕೊಳ್ಳುವುದೂ ಅವರೇನಾ ಅಂತ ನನಗೆ ಇನ್ನೂ ಸಿಟ್ಟು.

ಗುರುವಾರ ಸಂಜೆ ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅರ್ಧ ಪಾತ್ರೆ ಆಗಿತ್ತು. ಅವರು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದರು.

"ಬೆಲ್ಟ್ ಇರ್ಲೇ ಇಲ್ಲ ಕಣವ್ವ," ಅಂದರು.

"ಏನು?"

"ನಿಮ್ಮಾವ ಇಳಿಸ್ಲೂ ಇಲ್ಲ. ಅವ್ರು ಶೆಡ್ಡಲ್ಲಿ ಕೈ ತೊಳೀತಾ ಇದ್ರು. ಗೂಡು ತೆಗ್ದೋಳು ನಾನು."

ಹಾಗಾದರೆ ನೀವು ಬಿಟ್ಟಿರಾ ಅಂತ ಕೇಳಿದೆ. ದನಿ ಏರುತ್ತಿದ್ದದ್ದು ನನಗೇ ಗೊತ್ತಾಯಿತು. ಅವರು ತಲೆಯಾಡಿಸಿದರು, ಹೌದು ಅಂತಲೋ ಅಲ್ಲ ಅಂತಲೋ ತಿಳಿಯಲಿಲ್ಲ.

"ಕದ ತೆಗ್ದಿದ್ದು ದಿನಾ ತೆಗ್ದಂಗೇಯ. ನನ್ ಪಕ್ಕದಲ್ಲೇ ಮಲಗಿದ್ಲು, ಎದ್ದೂ ಇರ್ಲಿಲ್ಲ. ತಿರುವಲ್ಲಿ ನಿನ್ ಗಾಡಿ ಸದ್ದು ಬಂತು ನೋಡು. ನಾನು ಕೈ ಆಕೋ ಒತ್ಗೆ ಓಡ್ಬುಟ್ಲು. ಆ ಅಲ್ಗೆ ಮೇಲೆ ಕಾಲಿಟ್ಲು, ಅಂಗೇ ಜಾರ್ಕೊಂಡು ಓಗಿ ಬಿದ್ಲು. ಬಿದ್ಮೇಲೂ ನಿನ್ ಕಡೀಕೇ ತೆವಳ್ತಾ ಇದ್ಲು. ನಿಮ್ಮಾವ ಓಡ್ಬಂದು ಇಡ್ಕೊಂಡ್ರು. ಅಷ್ಟೊತ್ಗೆ ನೀನ್ ಬಂದೆ."

ನಾನು ಪಾತ್ರೆಯನ್ನು ಪಕ್ಕಕ್ಕೆ ಸರಿಸಿದೆ.

"ಇದನ್ನ ಯಾಕೆ ಆವತ್ತೇ ಹೇಳ್ಲಿಲ್ಲ?"

"ಅವ್ರೇ ಬ್ಯಾಡ ಅಂದ್ರು. ನಿನ್ನ ನೋಡಾಕೆ ಓಡ್ ಬಂದು ಬಿದ್ಲು ಅಂತ ಗೊತ್ತಾದ್ರೆ ನಿಂಗೆ ಊಟ ಸೇರಾಕಿಲ್ಲ, ನನ್ ಅಲ್ಗೆ ಜಾರಿಸ್ತು ಅಂತ್ಲೇ ಇರ್ಲಿ ಅಂದ್ರು. ನಾನೂ ಸುಮ್ಕಾದೆ. ಈಗ ಅವ್ರು ಉಣ್ಣಾಕಿಲ್ಲ. ನಾ ಏನ್ ಮಾಡ್ಲಿ."

ಸಿಟ್ಟು ಮಾಡಿಕೊಳ್ಳಲು ಯಾರಾದರೂ ಒಬ್ಬರು ಬೇಕಲ್ಲ, ಹುಡುಕಿದೆ. ಕದ ತೆಗೆದ ಅತ್ತೆ, ಪಾಲಿಶ್ ಹೊಡೆದ ಮಾವ, ಬಾಯಿ ಬಿಡದ ಇಬ್ಬರೂ. ಎಲ್ಲರ ಮೇಲೂ ಸಿಟ್ಟಿತ್ತು, ಅವರ ತಪ್ಪೂ ಇತ್ತು. ಆದರೆ ಯಾರ ಮೇಲೂ ಪೂರ್ತಿ ನಿಲ್ಲಲಿಲ್ಲ. ಐದು ವಾರದಿಂದ ಸಂಜೆಯಾದರೆ ಸಾಕು, ಮನೆ ಬಂದರೆ ಸಾಕು ಅಂತ ಗಾಡಿ ಓಡಿಸಿಕೊಂಡು ಬರುತ್ತಿದ್ದವಳು ನಾನು.

ಎದ್ದು ಶೆಡ್ಡಿಗೆ ಹೋದೆ. ಮಾವ ಕೆಲಸದ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು.

"ಊಟಕ್ಕೆ ಬನ್ನಿ ಮಾವ. ಹಿಸುಕಿದ ಅವರೆಬೇಳೆ ಸಾರು ಮಾಡ್ತಿದ್ದೀವಿ."

ಅವರು ನನ್ನ ಮುಖ ನೋಡಿದರು. ಅತ್ತೆ ಹೇಳಿದ್ದಾರೆ ಅಂತ ಗೊತ್ತಾಗಿರಬೇಕು.

"ಅವ್ಳದ್ದೂ ತಪ್ಪಿಲ್ಲ ಕಣವ್ವ," ಅಂದರು. ಅತ್ತೆಯದೋ ಸುಬ್ಬಿಯದೋ ನಾನು ಕೇಳಲಿಲ್ಲ. ಅವರು ಪಂಚೆ ಕೊಡವಿಕೊಂಡು ಎದ್ದು ಬಂದರು, ಎರಡು ಮುದ್ದೆ ಉಂಡರು. ನಾನು ಬಡಿಸಿದೆ, ಕ್ಷಮೆ ಕೇಳಲಿಲ್ಲ. ಕೇಳಬೇಕು ಅಂತ ಇವತ್ತಿಗೂ ಅಂದುಕೊಳ್ಳುತ್ತಲೇ ಇದ್ದೇನೆ.

ಮಾರನೇ ದಿನ ಸಂಜೆ ಕೆಲಸ ಬಿಟ್ಟು ಬರುವಾಗ ನಮ್ಮ ಬೀದಿಗೂ ಹಿಂದಿನ ಬೀದಿಯಲ್ಲೇ ಸ್ಕೂಟಿ ಆಫ್ ಮಾಡಿ ಇಳಿದೆ. ಅಲ್ಲಿಂದ ಮನೆಗೆ ಏರು. ಎರಡು ಕೈಯಲ್ಲಿ ಹಿಡಿದು ತಳ್ಳಿಕೊಂಡು ಹೊರಟೆ, ಚಪ್ಪಲಿ ಸದ್ದು ಮಾಡಿತು ಅಂತ ಅದನ್ನೂ ಬಿಚ್ಚಿ ಕಾಲಿಡುವ ಜಾಗದಲ್ಲಿಟ್ಟೆ. ಟೀ ಅಂಗಡಿಯ ಚಿಕ್ಕಸ್ವಾಮಿ, "ಪೆಟ್ರೋಲ್ ಖಾಲಿನೇನವ್ವ, ಹುಡುಗ್ರನ್ನ ಕಳಿಸ್ಲಾ?" ಅಂತ ಕೇಳಿದರು. ಬೇಡ ಅಂತ ಕೈಸನ್ನೆ ಮಾಡಿದೆ. ಬೆನ್ನೆಲ್ಲ ಬೆವೆತು, ನನ್ನ ಮನೆಗೆ ನಾನೇ ಕಳ್ಳಿಯ ಹಾಗೆ ಬಂದು ಗೂಡಿಗೆ ಕಾಣದ ಹಾಗೆ ಗೇಟಿನ ಪಕ್ಕದ ಗೋಡೆಯ ಮರೆಯಲ್ಲಿ ಗಾಡಿ ನಿಲ್ಲಿಸಿದೆ.

ಅತ್ತೆ ಜಗಲಿಯಲ್ಲಿದ್ದರು. ನನ್ನನ್ನು ನೋಡಿದರು. ಗೂಡಿನಲ್ಲಿ ಸುಬ್ಬಿ ಬೀದಿಯ ಕಡೆಗೆ ಮುಖ ಮಾಡಿ, ಕಿವಿ ನೆಟ್ಟಗೆ ಮಾಡಿಕೊಂಡು ಮಲಗಿದ್ದಳು. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಆರು ಗಂಟೆಯಾದರೂ ಅವಳು ಹಾಗೇ ಬೀದಿ ನೋಡುತ್ತಿದ್ದಳು, ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.